ವಾರಕ್ಕೆ 24 ಕಿಲೋ ಬಟ್ಟೆ, 600 ಲೀಟರ್ ನೀರು: ಒಂದು ಮನೆಯ ಒಗೆತದ ಲೆಕ್ಕ

ಲಗೇಜು ತೂಗುವ ಕೈತಕ್ಕಡಿಯ ಕೊಕ್ಕೆಗೆ ಕೊಳೆ ಬಟ್ಟೆಯ ಗಂಟು ಸಿಕ್ಕಿಸಿ ಒಂದು ವಾರ ತೂಗಿದೆ. ಮನೆಯಲ್ಲಿ ನಾಲ್ಕು ಜನ: ಅಮ್ಮ, ನಾನು, ಹೆಂಡತಿ, ಹೈಸ್ಕೂಲಿಗೆ ಹೋಗುವ ಮಗ. ಸೋಮವಾರದಿಂದ ಭಾನುವಾರದವರೆಗೆ ಬಚ್ಚಲಿನ ಪಕ್ಕದ ಬುಟ್ಟಿಗೆ ಬಿದ್ದದ್ದು ಒಟ್ಟು 24 ಕಿಲೋ. ಇದೇ ಲೆಕ್ಕದಲ್ಲಿ ವರ್ಷಕ್ಕೆ 1,248 ಕಿಲೋ, ಅಂದರೆ ಒಂದೂಕಾಲು ಟನ್. ನಲವತ್ತು ವರ್ಷ ಅಮ್ಮ ಹೆಚ್ಚುಕಡಿಮೆ ಇಷ್ಟೇ ಭಾರವನ್ನು ಕಲ್ಲಿನ ಮೇಲೆ ಕುಕ್ಕಿ, ಉಜ್ಜಿ, ಕೈಯಲ್ಲೇ ಹಿಂಡಿದ್ದಾಳೆ. ಈಗ ಅವಳ ಬಲಗೈ ಮಣಿಕಟ್ಟು ತಿರುಗುವುದಿಲ್ಲ. ಚಪಾತಿ ಲಟ್ಟಿಸುವುದಕ್ಕೂ ಕಷ್ಟ. ಒಗೆತ ಹಗುರವಾಗಬೇಕಾದರೆ ಭಾರ ಎಲ್ಲಿದೆ ಅಂತ ಮೊದಲು ಗೊತ್ತಾಗಬೇಕು. ತಕ್ಕಡಿ ಹಿಡಿದದ್ದು ಅದಕ್ಕೇ.

ಆ 24 ಕಿಲೋ ಬಿಡಿಸಿದರೆ ಹೀಗಿದೆ. ಶರ್ಟು, ಟೀ ಶರ್ಟು 16, ಒಂದಕ್ಕೆ ಸರಾಸರಿ 200 ಗ್ರಾಂ, ಒಟ್ಟು 3.2 ಕಿಲೋ. ಪ್ಯಾಂಟು, ಜೀನ್ಸು 6, ಒಟ್ಟು 3 ಕಿಲೋ. ಮಗನ ಯೂನಿಫಾರ್ಮು ಐದು ಜೊತೆ, 2 ಕಿಲೋ. ಚೂಡಿದಾರ ಐದು ಜೊತೆ, ಮತ್ತೆ 2 ಕಿಲೋ. ಅಮ್ಮನ ಐದು ಕಾಟನ್ ಸೀರೆ 2.5 ಕಿಲೋ, ಜೊತೆಯ ರವಿಕೆ ಲಂಗ 1.5 ಕಿಲೋ. ನೈಟಿ, ಲುಂಗಿ, ರಾತ್ರಿ ತೊಡುವ ಬಟ್ಟೆ 2 ಕಿಲೋ. ಬನಿಯನ್ನು, ಕಾಚಾ, ಸಾಕ್ಸು ಎಲ್ಲ ಸೇರಿ ಐವತ್ತರ ಹತ್ತಿರ, 2.5 ಕಿಲೋ. ಟವೆಲು ಆರು, 2.4 ಕಿಲೋ. ಹಾಸಿಗೆಯ ಹೊದಿಕೆ, ದಿಂಬಿನ ಕವರು 2.2 ಕಿಲೋ. ಉಳಿದ 700 ಗ್ರಾಂ ಅಡುಗೆಮನೆಯ ಕೈವಸ್ತ್ರ, ಒರೆಸುವ ಬಟ್ಟೆ. ಟವೆಲು, ಬೆಡ್‌ಶೀಟು, ದಿಂಬಿನ ಕವರು ಒಟ್ಟಾದರೆ 4.6 ಕಿಲೋ, ಹತ್ತಿರ ಹತ್ತಿರ ಐದನೇ ಒಂದು ಪಾಲು. ಎಣಿಕೆಯಲ್ಲಿ ಕಡಿಮೆಯಾದರೂ ಕೈಗೆ ಅತಿ ಭಾರ ಇವೇ. ನೆನೆದ ದೊಡ್ಡ ಬೆಡ್‌ಶೀಟನ್ನು ಒಬ್ಬರೇ ಹಿಂಡಿದವರಿಗೆ ಇದನ್ನು ಹೇಳಬೇಕಾಗಿಲ್ಲ.

ಇನ್ನು ನೀರು. ನಮ್ಮ ಬಕೆಟ್ಟಿಗೆ 15 ಲೀಟರ್ ಹಿಡಿಯುತ್ತದೆ, ಅದರಲ್ಲಿ ಎರಡೂವರೆ ಕಿಲೋ ಬಟ್ಟೆ ನೆನೆಯುತ್ತದೆ. 24 ಕಿಲೋಗೆ ಹತ್ತು ಸರದಿ. ಪ್ರತಿ ಸರದಿಗೆ ಸೋಪಿನ ನೀರು ಒಂದು ಬಕೆಟ್, ಜಾಲಾಡಿಸುವುದಕ್ಕೆ ಮೂರು ಬಕೆಟ್. ಹತ್ತು ಸರದಿಗೆ 40 ಬಕೆಟ್, 600 ಲೀಟರ್. ಕೊಳಾಯಿ ಕೆಳಗೆ ಕಾಲರು ಉಜ್ಜುವಾಗ ಹರಿದುಹೋದ ನೀರು ಇದರಲ್ಲಿಲ್ಲ. ಸರ್ಕಾರಿ ಮಾನದಂಡದ ಲೆಕ್ಕವೂ ಇದಕ್ಕೆ ಹತ್ತಿರವೇ ಇದೆ. ಒಳಚರಂಡಿ ಇರುವ ನಗರದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಬೇಕು ಅನ್ನುವ ಮಾನದಂಡದಲ್ಲಿ ಸ್ನಾನಕ್ಕೆ 55, ಶೌಚಕ್ಕೆ 30, ಬಟ್ಟೆ ಒಗೆಯುವುದಕ್ಕೆ 20, ಪಾತ್ರೆಗೆ 10, ನೆಲ ತೊಳೆಯುವುದಕ್ಕೆ 10, ಅಡುಗೆಗೆ 5, ಕುಡಿಯುವುದಕ್ಕೆ 5 ಲೀಟರ್ ಎಂದು ಹಂಚಿದ್ದಾರೆ. ನಾಲ್ವರಿಗೆ ವಾರಕ್ಕೆ ಒಗೆಯುವ ನೀರು 560 ಲೀಟರ್ ಆಯಿತು. ನಮ್ಮದು 40 ಲೀಟರ್ ಜಾಸ್ತಿ.

ನಾವಿರುವುದು ಬೆಂಗಳೂರಿನ ಹೊರವಲಯದ ಬಡಾವಣೆ. ಬೇಸಿಗೆಯಲ್ಲಿ ಸಂಪಿಗೆ ಟ್ಯಾಂಕರ್ ನೀರೇ ಗತಿ. 2024ರ ಮಾರ್ಚಿನಲ್ಲಿ, ನೀರಿಗೆ ಹಾಹಾಕಾರ ಎದ್ದಾಗ, ಜಿಲ್ಲಾಡಳಿತ ಟ್ಯಾಂಕರ್ ದರ ಕಟ್ಟಿತು: 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ ₹600, 12,000 ಲೀಟರಿಗೆ ₹1,000. ಚಿಕ್ಕ ಟ್ಯಾಂಕರ್ ಲೆಕ್ಕ ಹಿಡಿದರೆ ಲೀಟರಿಗೆ 10 ಪೈಸೆ. ವಾರದ ಒಗೆತಕ್ಕೆ ₹60, ವರ್ಷಕ್ಕೆ ₹3,120. ಅಂದರೆ ವರ್ಷಕ್ಕೆ ಐದು ಟ್ಯಾಂಕರ್ ನಮ್ಮ ಬಟ್ಟೆಗಳ ಮೇಲೇ ಹರಿದುಹೋಗುತ್ತದೆ.

ಕಾವೇರಿ ನೀರು ಬರುವ ಮನೆಗಳಲ್ಲಿ ಬಿಲ್ಲು ಇದಕ್ಕಿಂತ ತೀರಾ ಕಡಿಮೆ. ಆದರೆ ಆ ನೀರಿಗೆ ಬೇರೆ ಲೆಕ್ಕವಿದೆ. ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ತಾತಗುಣಿ ದಾಟಿ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಅದನ್ನು ಪಂಪು ಮಾಡಬೇಕು. ಸಾವಿರ ಲೀಟರ್ ನೀರನ್ನು 500 ಮೀಟರ್ ಎತ್ತುವುದಕ್ಕೆ, ಪಂಪಿನಲ್ಲಿ ಒಂದಿಷ್ಟೂ ನಷ್ಟವಾಗದು ಎಂದುಕೊಂಡರೂ, 1.36 ಯೂನಿಟ್ ವಿದ್ಯುತ್ ಬೇಕು. ವರ್ಷದ ಒಗೆತದ 31,200 ಲೀಟರಿಗೆ ಕನಿಷ್ಠ 42 ಯೂನಿಟ್. ವಾರಕ್ಕೆ ಐದು ಸಲ ತಣ್ಣೀರಿನಲ್ಲಿ ವಾಷಿಂಗ್ ಮಷೀನು ತಿರುಗಿಸಿದರೆ ವರ್ಷಕ್ಕೆ ಸುಮಾರು 52 ಯೂನಿಟ್ ಆಗುತ್ತದೆ. ಮಷೀನಿಲ್ಲದ ಮನೆಯ ಒಗೆತಕ್ಕೂ ಕರೆಂಟು ಸುಡುತ್ತಲೇ ಇರುತ್ತದೆ, ಮೀಟರು ಮಾತ್ರ ನಮ್ಮ ಗೋಡೆಯ ಮೇಲಿಲ್ಲ. 2024ರ ಅಕ್ಟೋಬರ್ 16ರಂದು ಕಾವೇರಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ 77.5 ಕೋಟಿ ಲೀಟರ್ ಹೆಚ್ಚುವರಿ ನೀರಿಗೆ ದಾರಿಯಾಯಿತು. ಆ ನೀರೂ ಇದೇ ಏರು ಹತ್ತಿಯೇ ಬರಬೇಕು.

ಹಳ್ಳಿಯ ಕಡೆ ಲೆಕ್ಕ ಇನ್ನೂ ಬಿಗಿ. ಜಲಜೀವನ್ ಮಿಷನ್ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್. ನಾಲ್ವರ ಮನೆಗೆ ವಾರಕ್ಕೆ 1,540 ಲೀಟರ್. ಅದರಲ್ಲಿ 600 ಲೀಟರ್ ಬಟ್ಟೆಗೇ ಹೋದರೆ ನೂರಕ್ಕೆ ಮೂವತ್ತೊಂಬತ್ತು ಪಾಲು ಖಾಲಿ. ಕೊಳಾಯಿ ಮನೆಯಂಗಳದಲ್ಲಿಲ್ಲದೆ ಬೀದಿಯಲ್ಲಿದ್ದರೆ ಆ 600 ಲೀಟರ್ ಅಂದರೆ 600 ಕಿಲೋ ಹೊರೆ, ವಾರವಾರವೂ ಯಾರದೋ ಸೊಂಟದ ಮೇಲೆ. ವರ್ಷಕ್ಕೆ 31 ಟನ್. ಕೆರೆಗೋ ಹೊಳೆಗೋ ಬಟ್ಟೆಯನ್ನೇ ಹೊತ್ತೊಯ್ದು ಒಗೆಯುತ್ತಿದ್ದ ಹೆಂಗಸರ ಲೆಕ್ಕಾಚಾರ ಎಷ್ಟು ಸರಿಯಾಗಿತ್ತು ಅನ್ನುವುದು ಈ ಅಂಕಿ ನೋಡಿದಾಗ ತಿಳಿಯುತ್ತದೆ. 24 ಕಿಲೋ ಹೊತ್ತರೆ ಸಾಕು, 600 ಕಿಲೋ ಹೊರುವುದು ತಪ್ಪುತ್ತದೆ.

ನೀರು ಉಳಿಸುವುದೇ ಒಗೆತ ಹಗುರ ಮಾಡುವ ಮೊದಲ ದಾರಿ ಎಂದು ಅಂದುಕೊಂಡಿದ್ದೆ. ತೂಗುತ್ತಾ ಹೋದಂತೆ ಅದಕ್ಕೂ ಮೊದಲಿನ ಮೆಟ್ಟಿಲು ಸಿಕ್ಕಿತು: ಸೋಪಿನ ಪುಡಿ.

ಅಮ್ಮ ಪುಡಿ ಹಾಕುವುದು ಕೈಯಳತೆಯಲ್ಲಿ. ಅವಳ ಒಂದು ಹಿಡಿಯನ್ನು ಅಡುಗೆಮನೆಯ ತಕ್ಕಡಿ ಮೇಲೆ ಸುರಿಸಿಕೊಂಡೆ. 60 ಗ್ರಾಂ. ಎರಡನೇ ಸಲ 58, ಮೂರನೇ ಸಲ 63. ನಲವತ್ತು ವರ್ಷದ ಕೈ, ಅಳತೆ ಹೆಚ್ಚು ಆಚೀಚೆ ಹೋಗುವುದಿಲ್ಲ. ನಾನು ಅದರ ಅರ್ಧ, 30 ಗ್ರಾಂ, ಒಂದು ಚಮಚಕ್ಕೆ ಅಳೆದು ಅದೇ ಬಕೆಟ್ಟಿಗೆ ಹಾಕಿದೆ. ಅಮ್ಮ ಬಗ್ಗಿ ನೋಡಿದಳು.

“ನೊರೆಯೇ ಇಲ್ವಲ್ಲೋ. ನೊರೆ ಬರದೆ ಕೊಳೆ ಹೆಂಗೋ ಬಿಡುತ್ತೆ?”

“ಕೊಳೆ ಬಿಡಿಸೋದು ಪುಡಿ ಅಮ್ಮ, ನೊರೆ ಅಲ್ಲ. ಈ ಸಲ ಒಗೆದು ನೋಡೋಣ.”

ಅರ್ಧ ಗಂಟೆ ನೆನೆಸಿ ಒಗೆದೆವು. ಕಾಲರಿಗೆ, ತೋಳಿನ ಅಂಚಿಗೆ ಮಾತ್ರ ಬ್ರಷ್ಷಿನಲ್ಲಿ ಚೂರು ಸೋಪು. ಅಮ್ಮ ಯೂನಿಫಾರ್ಮಿನ ಬಿಳಿ ಶರ್ಟನ್ನು ಬೆಳಕಿಗೆ ಹಿಡಿದು, ಕಂಕುಳ ಭಾಗ ತಿರುಗಿಸಿ, ಮೂಸಿ, ಏನೂ ಹೇಳದೆ ಹಗ್ಗಕ್ಕೆ ಹಾಕಿದಳು. ಅವಳು ಏನೂ ಹೇಳಲಿಲ್ಲ ಅಂದರೆ ಒಪ್ಪಿದ ಹಾಗೆ.

ಹಣದ ಲೆಕ್ಕ ಸುಲಭ. ಪುಡಿ ಕಿಲೋಗೆ ₹120 ಎಂದಿಟ್ಟುಕೊಳ್ಳಿ. 60 ಗ್ರಾಂನಂತೆ ವಾರಕ್ಕೆ ಹತ್ತು ಸರದಿ, ವರ್ಷಕ್ಕೆ 31.2 ಕಿಲೋ, ₹3,744. ಚಮಚದ ಅಳತೆಯಲ್ಲಿ ಅರ್ಧ, ₹1,872. ಆದರೆ ನಿಜವಾದ ಉಳಿತಾಯ ಪುಡಿಯದ್ದಲ್ಲ. ಹೆಚ್ಚು ಹಾಕಿದ ಪುಡಿಯನ್ನು ಬಟ್ಟೆಯಿಂದ ತೆಗೆಯಬೇಕಲ್ಲ. ಮೂರನೇ ಬಕೆಟ್, ಕೆಲವು ಸಲ ನಾಲ್ಕನೇ ಬಕೆಟ್ ಬರುವುದು ಅದಕ್ಕೇ. ಕೊಳೆ ಹೋದ ಮೇಲೂ ನಾವು ನೀರು ಸುರಿಯುವುದು ನಾವೇ ಹಾಕಿದ ಪುಡಿಯನ್ನು ಹೊರಗೆ ತರುವುದಕ್ಕೆ.

ಜಾಲಾಡಿಸುವುದರ ಒಳಗೊಂದು ಗಣಿತವಿದೆ. ಇಡೀ ಲೆಕ್ಕದಲ್ಲಿ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು. ಸೋಪಿನ ನೀರಿನಿಂದ ಎತ್ತಿದ ಎರಡೂವರೆ ಕಿಲೋ ಬಟ್ಟೆ, ಹಿಂಡದೆ ಹಾಗೇ ತೊಟ್ಟಿಕ್ಕಿಸಿದರೆ, ತನ್ನೊಳಗೆ ಸುಮಾರು 5 ಲೀಟರ್ ಸೋಪಿನ ನೀರನ್ನು ಹಿಡಿದುಕೊಂಡಿರುತ್ತದೆ. ಅದನ್ನು 15 ಲೀಟರ್ ಒಳ್ಳೆಯ ನೀರಿಗೆ ಹಾಕಿದರೆ ಒಟ್ಟು 20 ಲೀಟರ್, ಸೋಪು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಮೂರು ಸಲ ಹೀಗೆ ಮಾಡಿದರೆ ಉಳಿಯುವುದು 64ನೇ ಒಂದು ಪಾಲು. ಅದೇ ಬಟ್ಟೆಯನ್ನು ಪ್ರತಿ ಸಲವೂ ಚೆನ್ನಾಗಿ ಹಿಂಡಿ ಹಾಕಿದರೆ ಒಳಗೆ ಉಳಿಯುವುದು ಎರಡೂವರೆ ಲೀಟರ್. ಆಗ ಒಂದೊಂದು ಬಕೆಟ್ಟಿಗೂ ಸೋಪು ಏಳನೇ ಒಂದು ಪಾಲಿಗೆ ಇಳಿಯುತ್ತದೆ. ಎರಡೇ ಸಲಕ್ಕೆ 49ನೇ ಒಂದು ಪಾಲು. ಹಿಂಡದ ಮೂರು ಬಕೆಟ್ಟೂ ಹಿಂಡಿದ ಎರಡು ಬಕೆಟ್ಟೂ ಹೆಚ್ಚುಕಡಿಮೆ ಸಮ. ಪುಡಿಯನ್ನೂ ಅರ್ಧಕ್ಕೆ ಇಳಿಸಿದ್ದರೆ ಎರಡು ಬಕೆಟ್ಟಿನ ನಂತರ ಬಟ್ಟೆಯಲ್ಲಿರುವ ಸೋಪು ಮೊದಲಿಗಿಂತಲೂ ಕಡಿಮೆ.

ಹತ್ತು ಸರದಿಯಲ್ಲಿ ಒಂದೊಂದು ಬಕೆಟ್ ಉಳಿದರೆ ವಾರಕ್ಕೆ 150 ಲೀಟರ್, ವರ್ಷಕ್ಕೆ 7,800 ಲೀಟರ್. ಟ್ಯಾಂಕರ್ ದರದಲ್ಲಿ ₹780. ಅದಕ್ಕಿಂತ ಹೆಚ್ಚಾಗಿ, ವಾರಕ್ಕೆ ಹತ್ತು ಸಲ ಬಕೆಟ್ ತುಂಬಿಸಿ, ಬಗ್ಗಿ, ಬಟ್ಟೆ ಎತ್ತಿ ಮುಳುಗಿಸುವುದು ತಪ್ಪಿತು.

ಬೋರ್‌ವೆಲ್ ನೀರಿದ್ದವರಿಗೆ ಇನ್ನೊಂದು ತಾಪತ್ರಯ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಇದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಸಹಿಸಬಹುದು ಎಂದಿದೆ. ನಿಮ್ಮ ಬೋರಿನದು 400 ಎಂದುಕೊಳ್ಳಿ. 15 ಲೀಟರ್ ಬಕೆಟ್ಟಿನಲ್ಲಿ 6 ಗ್ರಾಂ ಗಡಸು ಕರಗಿದೆ. ಬಾರ್ ಸೋಪು ಈ ಸುಣ್ಣದ ಅಂಶದ ಜೊತೆ ಸೇರಿ, ಒಡೆದ ಹಾಲಿನಂಥ ಬಿಳಿ ಚೂರಾಗಿ ತೇಲುತ್ತದೆ. ಒಂದು ಗ್ರಾಂ ಗಡಸಿಗೆ ಸುಮಾರು 6 ಗ್ರಾಂ ಸೋಪು ಹೀಗೆ ವ್ಯರ್ಥ. ಬಕೆಟ್ಟಿಗೆ 36 ಗ್ರಾಂ, 150 ಗ್ರಾಂನ ಬಾರಿನಲ್ಲಿ ಹತ್ತಿರ ಹತ್ತಿರ ಕಾಲು ಭಾಗ, ಕೊಳೆಯನ್ನು ಮುಟ್ಟುವ ಮೊದಲೇ ಮುಗಿದುಹೋಯಿತು. ಆ ಬಿಳಿ ಚೂರೇ ಕಪ್ಪು ಪ್ಯಾಂಟಿನ ಮೇಲೆ ಪುಡಿಯಾಗಿ ಕೂರುವುದು, ಟವೆಲನ್ನು ಹಪ್ಪಳದಂತೆ ಬಿರುಸು ಮಾಡುವುದು. ಡಿಟರ್ಜೆಂಟ್ ಪುಡಿಗೆ ಈ ಏಟು ಕಡಿಮೆ, ಆದರೂ ಅದರಲ್ಲಿರುವ ಸೋಡಾ ಗಡಸಿಗೇ ಖರ್ಚಾಗುತ್ತದೆ. ಹೀಗಾಗಿ ಕಾಟನ್ ಬಟ್ಟೆಗೆ ಬಕೆಟ್ಟಿನ ನೀರಿಗೆ ಮೊದಲು ಸುಮಾರು 15 ಗ್ರಾಂ ವಾಷಿಂಗ್ ಸೋಡಾ ಕಲಕಿ, ಆಮೇಲೆ ಸೋಪು ಹಾಕುವುದು ಲಾಭ. ರೇಷ್ಮೆಗೂ ಉಣ್ಣೆಗೂ ಸೋಡಾ ಬೇಡವೇ ಬೇಡ. ಅಮ್ಮ ರೇಷ್ಮೆ ಸೀರೆಗೆ ಅಂಟುವಾಳದ ನೀರು ಬಿಟ್ಟು ಬೇರೇನೂ ಸೋಕಿಸಿದವಳಲ್ಲ, ಅವಳ ಮದುವೆಯ ಸೀರೆಯ ಜರಿ ಇವತ್ತಿಗೂ ಕಪ್ಪಾಗಿಲ್ಲ.

ಮಳೆ ನೀರಿನಲ್ಲಿ ಗಡಸು ಇಲ್ಲವೆನ್ನುವಷ್ಟು ಕಡಿಮೆ. 100 ಚದರ ಮೀಟರ್ ತಾರಸಿಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಸಾವಿರ ಲೀಟರ್. ಮೊದಲ ಕೊಳೆ ನೀರು ಹೊರಗೆ ಬಿಟ್ಟು ಐದನೇ ಒಂದು ಪಾಲು ಕಳೆದರೂ 800 ಲೀಟರ್ ಸಿಗುತ್ತದೆ. ನಮ್ಮ ಒಂದು ವಾರದ ಒಗೆತ ಮುಗಿದು ಮಿಗುತ್ತದೆ. ಬೆಂಗಳೂರಿನಲ್ಲಿ ದೊಡ್ಡ ನಿವೇಶನಗಳಿಗೆ ಮಳೆ ನೀರು ಸಂಗ್ರಹ 2009ರಿಂದಲೇ ಕಡ್ಡಾಯ. ಆ ಕೊಳವೆಯಿಂದ ಬಟ್ಟೆ ಒಗೆಯುವ ಜಾಗಕ್ಕೆ ಒಂದು ಕೊಳಾಯಿ ಎಳೆಸಿಕೊಂಡವರು ಮಾತ್ರ ನಮ್ಮ ಬೀದಿಯಲ್ಲಿ ಒಬ್ಬರೂ ಕಾಣಲಿಲ್ಲ. ನಾವೂ ಎಳೆಸಿರಲಿಲ್ಲ. ಈ ಮಳೆಗಾಲಕ್ಕೆ ಎಳೆಸಿದ್ದೇವೆ.

ಹಿಂಡುವ ವಿಷಯಕ್ಕೆ ಮತ್ತೆ ಬರುತ್ತೇನೆ, ಏಕೆಂದರೆ ಅಮ್ಮನ ಮಣಿಕಟ್ಟು ಹೋಗಿದ್ದು ಅಲ್ಲೇ. ಚೆನ್ನಾಗಿ ಹಿಂಡಿದರೆ ನೀರು ಉಳಿಯುತ್ತದೆ ಎಂದು ಬರೆದುಬಿಡುವುದು ಸುಲಭ. ಹಿಂಡುವವರ ಕೈ ಏನಾಗುತ್ತದೆ ಎಂದು ನೋಡಬೇಕಲ್ಲ. ಮಗನ ಒಂದು ಜೀನ್ಸ್ ಪ್ಯಾಂಟನ್ನು ನಾಲ್ಕು ಸಲ ತೂಗಿದೆ. ಒಣಗಿದ್ದಾಗ 650 ಗ್ರಾಂ. ನೀರಿನಿಂದ ಎತ್ತಿ ತೊಟ್ಟಿಕ್ಕಿಸಿದಾಗ 1 ಕಿಲೋ 900. ನಾನು ಮೈಯೆಲ್ಲಾ ಬಲ ಹಾಕಿ ಹಿಂಡಿದ ಮೇಲೆ 1 ಕಿಲೋ 300, ಅಂದರೆ ಬಟ್ಟೆಯ ತೂಕದಷ್ಟೇ ನೀರು ಇನ್ನೂ ಒಳಗೇ. ಮಷೀನಿನಲ್ಲಿ ನಿಮಿಷಕ್ಕೆ 1,000 ಸುತ್ತು ತಿರುಗಿ ಹೊರಬಂದಾಗ 1 ಕಿಲೋ 40. ಕೈಯಲ್ಲಿ ಹಿಂಡಿದರೆ ನೂರಕ್ಕೆ ನೂರು ಉಳಿಯುವ ನೀರು ಸ್ಪಿನ್ ಆದ ಮೇಲೆ ನೂರಕ್ಕೆ ಅರವತ್ತು. ಇಡೀ 24 ಕಿಲೋಗೆ ಹಾಕಿದರೆ, ಕೈಯಲ್ಲಿ ಹಿಂಡಿದ ಬಟ್ಟೆ ತಾರಸಿಗೆ ಹೊರುವಾಗ 48 ಕಿಲೋ, ಸ್ಪಿನ್ ಆದದ್ದು 38 ಕಿಲೋ. ಮೆಟ್ಟಿಲು ಹತ್ತುವಾಗ ವಾರಕ್ಕೆ 10 ಕಿಲೋ ಕಡಿಮೆ.

ಈ ಕಾರಣಕ್ಕೇ ಹೇಳುತ್ತೇನೆ: ವಾಷಿಂಗ್ ಮಷೀನಿನಲ್ಲಿ ಮನುಷ್ಯರ ಮೈಗೆ ಅತಿ ಹೆಚ್ಚು ಉಪಕಾರ ಮಾಡುವುದು ಒಗೆಯುವ ಭಾಗವಲ್ಲ, ಹಿಂಡುವ ಭಾಗ. ಕೈಯಲ್ಲಿ ಹಣ ಕಡಿಮೆ ಇದ್ದರೆ ಎರಡು ತೊಟ್ಟಿಯ ಸೆಮಿ ಆಟೊಮ್ಯಾಟಿಕ್ ಸಾಕು. ಒಂದೇ ಸೋಪಿನ ನೀರಿನಲ್ಲಿ ಮೊದಲು ತಿಳಿ ಬಟ್ಟೆ, ಆಮೇಲೆ ಬಣ್ಣದ ಬಟ್ಟೆ ಎರಡು ಸರದಿ ಮುಗಿಸಬಹುದು. ಸೋಪಿನ ನೀರಿನಿಂದ ಎತ್ತಿದ್ದನ್ನು ಮೊದಲು ಸ್ಪಿನ್ನರಿಗೆ ಹಾಕಿ, ಆಮೇಲೆ ಜಾಲಾಡಿಸಬೇಕು. ಮೇಲೆ ಹೇಳಿದ ಗಣಿತದಲ್ಲಿ ಏಳನೇ ಒಂದು ಪಾಲು ಅಂದದ್ದು ಆಗ ಹನ್ನೊಂದನೇ ಒಂದು ಪಾಲಾಗುತ್ತದೆ. ಬಹಳ ಮನೆಗಳಲ್ಲಿ ಸ್ಪಿನ್ನರನ್ನು ಕೊನೆಗೆ ಒಂದೇ ಸಲ ಬಳಸುತ್ತಾರೆ. ನಡುವೆ ಬಳಸಿದರೆ ಎರಡು ನಿಮಿಷಕ್ಕೆ ಒಂದು ತೊಟ್ಟಿ ನೀರು ಉಳಿಯುತ್ತದೆ.

ಈಗ ಮೂರು ರೀತಿಯ ಒಗೆತವನ್ನು ಪಕ್ಕಪಕ್ಕ ಇಟ್ಟು ನೋಡಿ. ಎಲ್ಲವೂ ವರ್ಷದ ಲೆಕ್ಕ, ನೀರು ಲೀಟರಿಗೆ 10 ಪೈಸೆ, ಕರೆಂಟು ಯೂನಿಟ್ಟಿಗೆ ₹6.

ಕೈ ಒಗೆತ: ನೀರು ₹3,120, ಅಳೆದು ಹಾಕಿದ ಪುಡಿ ₹1,872. ಒಟ್ಟು ₹4,992.

ಸೆಮಿ ಆಟೊಮ್ಯಾಟಿಕ್: ವಾರಕ್ಕೆ 480 ಲೀಟರಿನಂತೆ ನೀರು ₹2,496, ಪುಡಿ ₹1,872, ಕರೆಂಟು ₹312. ₹10,000ದ ಮಷೀನು ಎಂಟು ವರ್ಷ ಬಂದರೆ ವರ್ಷಕ್ಕೆ ₹1,250, ರಿಪೇರಿಗೆ ₹500. ಒಟ್ಟು ₹6,430.

ಫ್ರಂಟ್ ಲೋಡ್: ವಾರಕ್ಕೆ ಐದು ಸಲ, ಸಲಕ್ಕೆ 60 ಲೀಟರಿನಂತೆ ನೀರು ₹1,560. ಇದಕ್ಕೆ ನೊರೆ ಕಡಿಮೆ ಬರುವ ಪುಡಿಯೇ ಬೇಕು, ಬೆಲೆ ಜಾಸ್ತಿ. ಕಿಲೋಗೆ ₹200, ಸಲಕ್ಕೆ 60 ಗ್ರಾಂ ಎಂದರೆ ₹3,120. ಕರೆಂಟು ₹312. ₹30,000ದ ಮಷೀನು ಹತ್ತು ವರ್ಷ ಬಂದರೆ ವರ್ಷಕ್ಕೆ ₹3,000, ರಿಪೇರಿಗೆ ₹1,000. ಒಟ್ಟು ₹8,992.

ನೀರು, ಪುಡಿ, ಕರೆಂಟು ಮೂರನ್ನೇ ಕೂಡಿದರೆ ಫ್ರಂಟ್ ಲೋಡಿಗೂ ₹4,992. ಕೈ ಒಗೆತದ ಖರ್ಚೂ ಅಷ್ಟೇ, ಒಂದು ರೂಪಾಯಿ ಆಚೀಚೆ ಇಲ್ಲ. ಹೆಚ್ಚು ಬೀಳುವುದು ಮಷೀನಿನ ಬೆಲೆ ಮತ್ತು ರಿಪೇರಿಯ ₹4,000 ಮಾತ್ರ. ಮೇಲಿಂದ ಬಟ್ಟೆ ಹಾಕುವ ಫುಲ್ ಆಟೊಮ್ಯಾಟಿಕ್ ಮಷೀನನ್ನು ನಾನು ಇಲ್ಲಿ ಸೇರಿಸಿಲ್ಲ. ಅದಕ್ಕೆ ಸಲಕ್ಕೆ 120 ಲೀಟರಿನಂತೆ ವಾರಕ್ಕೆ 600 ಲೀಟರ್ ಬೇಕಾಗುವುದರಿಂದ ಟ್ಯಾಂಕರ್ ನಂಬಿದ ಮನೆಗೆ ನೀರು ಉಳಿಯುವುದಿಲ್ಲ.

ಹೊತ್ತಿನ ಲೆಕ್ಕ ನೋಡೋಣ. ಕೈಯಲ್ಲಿ ಒಂದು ಸರದಿಗೆ ಮುಕ್ಕಾಲು ಗಂಟೆ, ಹತ್ತು ಸರದಿಗೆ ಏಳೂವರೆ ಗಂಟೆ. ಒಣಹಾಕಲು ಒಂದೂಕಾಲು ಗಂಟೆ, ತೆಗೆದು ಮಡಚಿ ಬೀರುವಿನಲ್ಲಿಡಲು 80 ನಿಮಿಷ. ವಾರಕ್ಕೆ ಸುಮಾರು ಹತ್ತು ಗಂಟೆ. ವರ್ಷಕ್ಕೆ 520 ಗಂಟೆ, ದಿನಕ್ಕೆ ಎಂಟು ಗಂಟೆಯ ದುಡಿಮೆ ಅಂದರೆ 65 ದಿನ. ಮಷೀನಿದ್ದರೆ ಬಟ್ಟೆ ಹಾಕಿ ತೆಗೆಯಲು 50 ನಿಮಿಷ, ಕಾಲರು ಉಜ್ಜಲು 35 ನಿಮಿಷ, ಒಣಹಾಕಲು ಅದೇ 75, ಮಡಚಲು ಅದೇ 80. ಒಟ್ಟು ನಾಲ್ಕು ಗಂಟೆ. ವರ್ಷಕ್ಕೆ 312 ಗಂಟೆ ಉಳಿತಾಯ. ₹4,000ವನ್ನು ಅದರಿಂದ ಭಾಗಿಸಿದರೆ ಗಂಟೆಗೆ ₹13ರ ಹತ್ತಿರ. ಸೆಮಿ ಆಟೊಮ್ಯಾಟಿಕ್‌ನಲ್ಲಿ ವಾರಕ್ಕೆ ನಾಲ್ಕು ಗಂಟೆ ಉಳಿದರೂ ಗಂಟೆಗೆ ₹7. “ಮಷೀನು ಯಾಕೆ, ಮನೇಲಿ ಹೆಂಗಸರಿಲ್ವಾ” ಎಂದು ದುಡ್ಡು ಲೆಕ್ಕ ಹಾಕಿದ ಎಷ್ಟೋ ಮನೆಗಳಲ್ಲಿ ಒಬ್ಬಳ ಒಂದು ಗಂಟೆಗೆ ಏಳೋ ಹದಿಮೂರೋ ರೂಪಾಯಿ ಬೆಲೆಯನ್ನೂ ಕಟ್ಟಿರಲಿಲ್ಲ ಎಂದೇ ಅರ್ಥ. ಫ್ರಂಟ್ ಲೋಡ್ ಕೊಳ್ಳುವವರೆಗೆ ನಮ್ಮ ಮನೆಯೂ ಬಹಳ ವರ್ಷ ಹಾಗೇ ಇತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಬಿಸಿನೀರಿನ ಬಟನ್ನು ಒತ್ತುವವರು ಒಂದು ಮಾತು ನೆನಪಿಡಿ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 40ಕ್ಕೆ ಏರಿಸಲು ಕಾಲು ಯೂನಿಟ್, 60ಕ್ಕೆ ಏರಿಸಲು 0.6 ಯೂನಿಟ್. ಡ್ರಮ್ಮು ತಿರುಗಿಸುವುದಕ್ಕೆ ಬೇಕಾದ್ದು 0.2. ಎಲ್ಲ ಸಲವೂ 60 ಡಿಗ್ರಿ ಇಟ್ಟರೆ ವರ್ಷಕ್ಕೆ 208 ಯೂನಿಟ್, ತಣ್ಣೀರಾದರೆ 52. ಟವೆಲು, ಬೆಡ್‌ಶೀಟಿಗೆ ವಾರಕ್ಕೊಂದು ಸಲ ಬಿಸಿ ಸಾಕು. ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯಲ್ಲಿ 200 ಯೂನಿಟ್ಟಿನ ಗೆರೆಯ ಹತ್ತಿರ ಇರುವ ಮನೆಗೆ ಇದು ಇನ್ನೂ ಮುಖ್ಯ. ಆ ಗೆರೆ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕಾಗುತ್ತದೆ.

ಒಣಗಿಸುವ ಕೆಲಸದಲ್ಲಿ ನಮಗೆ ಸೂರ್ಯನ ಸಾಲ ದೊಡ್ಡದು. ಒಂದು ಲೀಟರ್ ನೀರು ಆವಿಯಾಗಲು ಸುಮಾರು 0.67 ಯೂನಿಟ್ಟಿನಷ್ಟು ಶಾಖ ಬೇಕು. ಕೈಯಲ್ಲಿ ಹಿಂಡಿದ 24 ಕಿಲೋ ಬಟ್ಟೆಯ 24 ಲೀಟರಿಗೆ ವಾರಕ್ಕೆ 16 ಯೂನಿಟ್, ವರ್ಷಕ್ಕೆ ಐದು ಸಾವಿರ ರೂಪಾಯಿಯ ಕರೆಂಟು. ತಾರಸಿಯ ಹಗ್ಗ ಅಷ್ಟನ್ನೂ ಬಿಟ್ಟಿ ಕೊಡುತ್ತದೆ. ತೊಂದರೆ ಮಳೆಗಾಲದ್ದು. ಮಲೆನಾಡಿನ ಮನೆಗಳಲ್ಲಿ ಬಚ್ಚಲೊಲೆಯ ಮೇಲೆ ಗಳು ಕಟ್ಟಿ ಬಟ್ಟೆ ಹರವುವುದನ್ನು ನೋಡಿದ್ದೇನೆ, ಹೊಗೆ ವಾಸನೆಯ ಶರ್ಟು ತೊಟ್ಟು ಮಕ್ಕಳು ಶಾಲೆಗೆ ಹೋಗುತ್ತಾರೆ. ಒಲೆಯಿಲ್ಲದ ನಗರದ ಮನೆಯಲ್ಲಿ ಎರಡು ಸಲ ಸ್ಪಿನ್ ಮಾಡಿ, ಬಟ್ಟೆಯ ನಡುವೆ ಒಂದು ಗೇಣು ಜಾಗ ಬಿಟ್ಟು, ಕಿಟಕಿ ತೆರೆದು ಫ್ಯಾನು ಹಾಕುವುದೇ ದಾರಿ. 75 ವಾಟಿನ ಫ್ಯಾನು ಐದು ಗಂಟೆ ತಿರುಗಿದರೆ ಎರಡೂಕಾಲು ರೂಪಾಯಿ. ಒದ್ದೆ ಬಟ್ಟೆಯ ಮುಗ್ಗಲು ವಾಸನೆಗೆ ಮತ್ತೆ ಒಗೆಯುವುದಕ್ಕಿಂತ ಇದು ಅಗ್ಗ.

ಇಷ್ಟೆಲ್ಲ ಲೆಕ್ಕ ಮಾಡಿದ ಮೇಲೆ ಹೆಂಡತಿ ಕೇಳಿದಳು, “ಇಸ್ತ್ರಿದು ಬರ್ಕೊಂಡ್ರಾ?” ಬರೆದುಕೊಂಡಿರಲಿಲ್ಲ. ವಾರಕ್ಕೆ 25 ಬಟ್ಟೆ, ನಮ್ಮ ಬೀದಿಯಲ್ಲಿ ಒಂದಕ್ಕೆ ₹10. ವಾರಕ್ಕೆ ₹250, ವರ್ಷಕ್ಕೆ ₹13,000. ನೀರು, ಪುಡಿ, ಕರೆಂಟು ಎಲ್ಲ ಸೇರಿದ್ದರ ಎರಡೂವರೆ ಪಟ್ಟಿಗೂ ಹೆಚ್ಚು! ಮನೆಯಲ್ಲೇ ಮಾಡಿದರೆ ಬಟ್ಟೆಗೆ ನಾಲ್ಕು ನಿಮಿಷ, 25ಕ್ಕೆ 100 ನಿಮಿಷ, ಕರೆಂಟು ವಾರಕ್ಕೆ ಏಳೆಂಟು ರೂಪಾಯಿ. ಹಣ ಉಳಿದರೂ ಹೊತ್ತು ಹೋಗುತ್ತದೆ. ಹಾಗಾದರೆ ಇಸ್ತ್ರಿಯ ಬಟ್ಟೆಯನ್ನೇ ಕಡಿಮೆ ಮಾಡಬೇಕು.

ದಾರಿ ಹೇಳಿಕೊಟ್ಟದ್ದು ಇಸ್ತ್ರಿ ಗಾಡಿಯ ಅಣ್ಣನೇ. “ಸಾರ್, ಹಿಂಡಿದ್ದನ್ನ ಬಕೆಟ್ಟಲ್ಲಿ ಬಿಡಬೇಡಿ. ತಕ್ಷಣ ಎರಡು ಸಲ ಜಾಡಿಸಿ ಹ್ಯಾಂಗರಿಗೆ ಹಾಕಿ. ಗಂಟೆಗಟ್ಟಲೆ ಮುದ್ದೆಯಾಗಿ ಕೂತ ಸುಕ್ಕಿಗೆ ನಾನು ನೀರು ಚಿಮುಕಿಸಿ ಮೂರು ಸಲ ಎಳೀಬೇಕು,” ಎಂದ. ಅವನ ಇದ್ದಿಲಿನ ಪೆಟ್ಟಿಗೆ ಎತ್ತಿ ನೋಡಿದೆ, ಆರು ಕಿಲೋಗೆ ಕಡಿಮೆಯಿಲ್ಲ. ದಿನವಿಡೀ ಅದನ್ನು ಆಡಿಸುವವನ ಮಾತು. ಯೂನಿಫಾರ್ಮು ಪಾಲಿಯೆಸ್ಟರ್ ಬೆರೆತದ್ದು, ಹ್ಯಾಂಗರಿನಲ್ಲೇ ಒಣಗಿದರೆ ಇಸ್ತ್ರಿ ಕೇಳುವುದೇ ಇಲ್ಲ. ಈಗ ಅವನಿಗೆ ಕೊಡುವುದು ವಾರಕ್ಕೆ 12: ಗಂಜಿ ಹಾಕಿದ ಸೀರೆ, ಕಾಟನ್ ಶರ್ಟು, ಅವನ ಕೈಗೇ ತಕ್ಕ ಬಟ್ಟೆ. ಸೀರೆಗೆ ಅವನು ಕೇಳಿದ್ದಕ್ಕಿಂತ ಹೆಚ್ಚು ಕೊಡುತ್ತೇವೆ. ಆದರೂ ವರ್ಷಕ್ಕೆ ಆರು ಸಾವಿರಕ್ಕೂ ಮಿಕ್ಕಿ ಉಳಿಯುತ್ತದೆ, ಫ್ರಂಟ್ ಲೋಡಿನ ಹೆಚ್ಚುವರಿ ಖರ್ಚು ಅದರಲ್ಲೇ ಮುಗಿಯಿತು.

ಕೊನೆಯದು ತೂಕವನ್ನೇ ಇಳಿಸುವುದು. ಬಾಗಿಲ ಹಿಂದೆ ನಾಲ್ಕು ಕೊಕ್ಕೆ ಹೊಡೆಸಿ, ಬೆವರು ತಾಗದ ಪ್ಯಾಂಟು, ಮೇಲಂಗಿ ಎರಡನೇ ದಿನಕ್ಕೆ ಅಲ್ಲಿ ನೇತು ಹಾಕುವಂತೆ ಮಾಡಿದೆವು. ಒಂದು ಸಲ ಉಟ್ಟದ್ದು ಮೈಲಿಗೆ ಅನ್ನುವ ಅಮ್ಮನ ಮಡಿಯನ್ನು ಮುಟ್ಟಲಿಲ್ಲ. ಅವಳ ಬಟ್ಟೆ ಎಂದಿನಂತೆ ದಿನವೂ ಒಗೆತಕ್ಕೆ. ಆದರೂ 24 ಕಿಲೋ 20ಕ್ಕೆ ಇಳಿಯಿತು, ಐದು ಸಲದ ಮಷೀನು ನಾಲ್ಕಕ್ಕೆ.

ಇನ್ನುಳಿದದ್ದು ಈ ಕೆಲಸ ಯಾರದು ಎಂಬ ಪ್ರಶ್ನೆ. 2024ರ ಸಮಯ ಬಳಕೆ ಸಮೀಕ್ಷೆಯಂತೆ ದೇಶದಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲಿ ಕಳೆಯುತ್ತಾರೆ, ಮಾಡುವ ಗಂಡಸರು 88 ನಿಮಿಷ. 2019ರಲ್ಲಿ ಇದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಇಬ್ಬರದೂ ಹತ್ತರ ಆಸುಪಾಸು ಇಳಿದಿದೆ, ಅಂತರ ಹಾಗೇ ಇದೆ. ಮಷೀನಿಗೆ ಒಗೆಯಲು ಬರುತ್ತದೆ, ಹರವಲು ಬರುವುದಿಲ್ಲ, ಮಡಚಲು ಬರುವುದಿಲ್ಲ, ಯಾರ ಸಾಕ್ಸು ಯಾರ ಖಾನೆಗೆ ಎಂದು ಗೊತ್ತಿರುವುದಿಲ್ಲ. ಉಳಿದ ನಾಲ್ಕು ಗಂಟೆಯನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದು ಹಂಚಿಕೊಂಡೆವು. ಮಷೀನಿಗೆ ಹಾಕಿ ತೆಗೆಯುವುದು, ಮಡಚುವುದು ನನ್ನದು, 130 ನಿಮಿಷ. ಒಣಹಾಕುವ 75 ನಿಮಿಷ ಮಗನದು. ಕಾಲರು ಉಜ್ಜುವ 35 ನಿಮಿಷ ನಾನೂ ಹೆಂಡತಿಯೂ ವಾರ ಬಿಟ್ಟು ವಾರ.

ಅಮ್ಮನ ಹೆಸರಿನ ಮುಂದೆ ಏನೂ ಬರೆದಿಲ್ಲ. ಆದರೂ ತನ್ನ ಪೂಜೆಯ ಸೀರೆಯನ್ನು ಮಾತ್ರ ಅವಳು ಯಾರಿಗೂ ಕೊಡುವುದಿಲ್ಲ. ಅರ್ಧ ಬಕೆಟ್ ನೀರು, ಕಾಲು ಚಮಚ ಪುಡಿ, ಎರಡು ಸಲ ಜಾಲಾಡಿಸುತ್ತಾಳೆ. ಹಿಂಡುವ ಹೊತ್ತಿಗೆ, “ಬಾರೋ ಇಲ್ಲಿ, ಈ ಕಡೆ ಹಿಡಿ” ಎಂದು ನನ್ನನ್ನು ಕೂಗುತ್ತಾಳೆ.